ನಕ್ಷತ್ರ ಬಿಡಿಸುವ ಮುಂಚೆ

ಹಿಂದಿನ ಸಂಚಿಕೆಯಲ್ಲಿ ವಿದ್ಯಾರ್ಥಿಗಳ ಪೋಸ್ಟರ್ ಕಲೆಯ ಬಗ್ಗೆ ಬರೆದಿದ್ದೆ. ಯಹೂದಿ ವಿದ್ಯಾರ್ಥಿಗಳು ತಮ್ಮ ನಂಬಿಕೆ, ಗುರುತು, ಒಗ್ಗಟ್ಟನ್ನು ಪೋಸ್ಟರ್ ಮೂಲಕ ಹೇಳಿಕೊಳ್ಳುವುದರ ಬಗ್ಗೆ ಅದರಲ್ಲಿ ಒಂದೇ ಒಂದು ಪ್ಯಾರಾ ಇತ್ತು. ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಆ ಪ್ಯಾರಾದ ಬಗ್ಗೆಯೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ.

ಯಹೂದಿ ಧರ್ಮದಲ್ಲಿ ಚಿತ್ರ, ಮೂರ್ತಿ ಮಾಡಬಾರದು ಅಂತ ಕೇಳಿದ್ದೇನೆ ಸರ್. ಹಾಗಿದ್ದ ಮೇಲೆ ನಂಬಿಕೆಯನ್ನು ಪೋಸ್ಟರ್‌ನಲ್ಲಿ ತೋರಿಸಿದರೆ ತಪ್ಪಾಗಲ್ವಾ?
- ಚಿತ್ರಕಲೆ ಓದುತ್ತಿರುವ ವಿದ್ಯಾರ್ಥಿನಿ

ತಪ್ಪಾಗುವುದಿಲ್ಲ. ಆದರೆ ನಿಮ್ಮ ಸಂಶಯಕ್ಕೆ ಕಾರಣ ಇದೆ. ಮೋಶೆಗೆ ಕೊಟ್ಟ ಹತ್ತು ಆಜ್ಞೆಗಳಲ್ಲಿ ಮೂರ್ತಿ ಮಾಡಿಕೊಳ್ಳಬೇಡ, ಅದಕ್ಕೆ ಅಡ್ಡಬೀಳಬೇಡ ಅನ್ನುವ ಮಾತಿದೆ. ಅದನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು ಅನ್ನುವುದು ಮಾತ್ರ ಕಾಲದಿಂದ ಕಾಲಕ್ಕೆ, ಊರಿಂದ ಊರಿಗೆ ಬದಲಾಗುತ್ತಾ ಬಂದಿದೆ.

ಸಿರಿಯಾದ ದೂರಾ ಯೂರೋಪಸ್ ಅನ್ನುವ ಹಾಳು ಪಟ್ಟಣದಲ್ಲಿ 1932ರಲ್ಲಿ ಒಂದು ಸಿನಗಾಗ್ ಮಣ್ಣಿನಡಿಯಿಂದ ಹೊರಬಂತು. ಸಿನಗಾಗ್ ಅಂದರೆ ಯಹೂದಿಗಳು ಪ್ರಾರ್ಥನೆಗೆ ಸೇರುವ ಜಾಗ. ಅದರ ಗೋಡೆ ಚಿತ್ರಗಳು ಕ್ರಿ.ಶ. 244ರ ಹೊತ್ತಿನವು. ಸಮುದ್ರ ಇಬ್ಭಾಗವಾಗುವ ದೃಶ್ಯ ಇದೆ, ಎಸ್ತೇರ್ ರಾಣಿ ಇದ್ದಾಳೆ, ಪ್ರವಾದಿಗಳಿದ್ದಾರೆ. ಗೋಡೆ ತುಂಬ ಮನುಷ್ಯರು. ದೇವರು ಮಾತ್ರ ಇಲ್ಲ. ದೇವರು ಬರಬೇಕಾದ ಜಾಗದಲ್ಲಿ ಮೇಲಿನಿಂದ ಚಾಚಿದ ಒಂದು ಕೈ, ಅಷ್ಟೇ. ಆಮೇಲೆ 1300ರ ಸುಮಾರಿಗೆ ದಕ್ಷಿಣ ಜರ್ಮನಿಯಲ್ಲಿ ಬರೆದ ಒಂದು ಹಗ್ಗಾದಾ ಇದೆ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆಯನ್ನು ಪೆಸಾಖ್ ಹಬ್ಬದ ರಾತ್ರಿ ಮನೆಮಂದಿ ಓದುತ್ತಾರಲ್ಲ, ಆ ಪುಸ್ತಕಕ್ಕೆ ಹಗ್ಗಾದಾ ಅನ್ನುತ್ತಾರೆ. ಆ ಪ್ರತಿಯಲ್ಲಿ ಯಹೂದಿಗಳಿಗೆ ಮನುಷ್ಯರ ಮುಖದ ಬದಲು ಹಕ್ಕಿಯ ತಲೆ ಬಿಡಿಸಿದ್ದಾರೆ. ಯಾಕೆ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ಅದು ಈಗ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ.

ಇವನ್ನೆಲ್ಲ ಹೇಳಿದ್ದು ಸುಮ್ನೆ ಇತಿಹಾಸ ಒಪ್ಪಿಸುವುದಕ್ಕಲ್ಲ. ಏನನ್ನು ತೋರಿಸಬೇಕು, ಏನನ್ನು ಬಿಡಬೇಕು ಅನ್ನುವ ಪ್ರಶ್ನೆಯನ್ನು ಈ ಸಂಪ್ರದಾಯ ಸಾವಿರಾರು ವರ್ಷದಿಂದ ಕೇಳಿಕೊಂಡಿದೆ, ಮತ್ತು ಪೋಸ್ಟರ್ ಮಾಡುವವರ ಮೊದಲ ಪ್ರಶ್ನೆಯೂ ಅದೇ. ಇನ್ನೊಂದು ಕಡೆ, ಕಲೆಗೆ ಅಲ್ಲಿ ದೊಡ್ಡ ಗೌರವವೂ ಇದೆ. ಬೈಬಲಿನ ವಿಮೋಚನಕಾಂಡದಲ್ಲಿ ಬೆಚಲೇಲ ಅನ್ನುವ ಕುಶಲಕರ್ಮಿ ಬರುತ್ತಾನೆ. ದೇವರು ಅವನಿಗೆ ಜಾಣ್ಮೆ ತುಂಬಿ ಆರಾಧನೆಯ ಗುಡಾರ ಕಟ್ಟುವ ಕೆಲಸ ಒಪ್ಪಿಸುತ್ತಾನೆ. 1906ರಲ್ಲಿ ಬೋರಿಸ್ ಶಾಟ್ಸ್ ಜೆರುಸಲೇಮಿನಲ್ಲಿ ಕಲಾಶಾಲೆ ತೆರೆದಾಗ ಬೆಚಲೇಲನ ಹೆಸರನ್ನೇ ಇಟ್ಟರು. ಹಬ್ಬದ ದೀಪವಾಗಲಿ, ಬಟ್ಟಲಾಗಲಿ, ಇದ್ದುದರಲ್ಲಿ ಚೆಂದದ್ದನ್ನೇ ಬಳಸಬೇಕು, ಆಚರಣೆಗೆ ಅಂದ ಕೊಡಬೇಕು ಅನ್ನುವುದು ಯಹೂದಿ ಪಂಡಿತರ ಧರ್ಮಚರ್ಚೆಗಳ ಗ್ರಂಥ ತಾಲ್ಮುದ್‌ನಷ್ಟು ಹಳೆಯ ಮಾತು. ಮನೆಯ ಪೂರ್ವದ ಗೋಡೆಗೆ ತೂಗುಹಾಕುವ ಮಿಜ್ರಾಖ್ ಅನ್ನುವ ಚಿತ್ರಪಟವನ್ನೇ ನೋಡಿ. ಯುರೋಪಿನ ಯಹೂದಿ ಮನೆಗಳಲ್ಲಿ ಪ್ರಾರ್ಥನೆಗೆ ಜೆರುಸಲೇಮಿನ ದಿಕ್ಕು ತೋರಿಸುವುದಕ್ಕೆ ಅದನ್ನು ಹಾಕುತ್ತಿದ್ದರು. ಕಾಗದ ಕತ್ತರಿಸಿ, ಸಿಂಹ, ಹಕ್ಕಿ, ಬಳ್ಳಿ ಬಿಡಿಸಿ, ನಡುವೆ ಅಕ್ಷರ ಬರೆದು ಮಾಡುತ್ತಿದ್ದ ಪಟಗಳವು. ನನ್ನ ಲೆಕ್ಕದಲ್ಲಿ ಅದು ಪೋಸ್ಟರೇ.

ನಾನು ನೋಡಿದ ಯಹೂದಿ ಪೋಸ್ಟರ್‌ಗಳಲ್ಲೆಲ್ಲ ಅದೇ ಆರು ಮೂಲೆಯ ನಕ್ಷತ್ರ, ಅದೇ ಕವಲು ದೀಪ. ಅದನ್ನು ಬಿಟ್ಟು ಬೇರೇನೂ ಇಲ್ವಾ?
- ಗ್ರಾಫಿಕ್ ಡಿಸೈನ್ ಕಲಿಯುವ ಓದುಗ

ಇದೆ, ಬೇಕಾದಷ್ಟಿದೆ. ಆದರೆ ಮೊದಲು ಆ ಎರಡನ್ನೇ ಸರಿಯಾಗಿ ತಿಳಿದುಕೊಳ್ಳೋಣ, ಯಾಕೆಂದರೆ ಎಡವುವುದು ಅಲ್ಲೇ.

ಆ ಆರು ಮೂಲೆಯ ನಕ್ಷತ್ರ, ಅಂದರೆ ದಾವೀದನ ನಕ್ಷತ್ರ, ಯಹೂದಿ ಗುರುತಾಗಿದ್ದು ಜನ ಅಂದುಕೊಂಡಷ್ಟು ಹಿಂದೆ ಅಲ್ಲ. ಮಧ್ಯಯುಗದ ಪ್ರಾಗ್ ನಗರದ ಯಹೂದಿಗಳು ಅದನ್ನು ತಮ್ಮ ಬಾವುಟದಲ್ಲಿ ಹಾಕಿಕೊಂಡರು, ಅಲ್ಲಿಂದ ನಿಧಾನವಾಗಿ ಹರಡಿತು. 1897ರಲ್ಲಿ ಬಾಸೆಲ್‌ನಲ್ಲಿ ನಡೆದ ಮೊದಲ ಜಿಯೋನಿಸ್ಟ್ (ಯಹೂದಿಗಳಿಗೆ ಸ್ವಂತ ನಾಡು ಬೇಕು ಅನ್ನುವವರ) ಸಮಾವೇಶ ಅದನ್ನು ಎತ್ತಿಕೊಂಡಿತು. 1948ರ ಅಕ್ಟೋಬರ್‌ನಲ್ಲಿ ಅದು ಇಸ್ರೇಲ್ ದೇಶದ ಬಾವುಟಕ್ಕೆ ಬಂತು. ಇವೆರಡರ ನಡುವೆ, 1941ರ ಸೆಪ್ಟೆಂಬರ್‌ನಲ್ಲಿ, ಜರ್ಮನಿಯ ನಾಜಿ ಸರ್ಕಾರ ಆರು ವರ್ಷ ದಾಟಿದ ಪ್ರತಿ ಯಹೂದಿಯೂ ಹಳದಿ ನಕ್ಷತ್ರವನ್ನು ಬಟ್ಟೆಗೆ ಹೊಲಿದುಕೊಳ್ಳಬೇಕು ಅಂತ ಕಾನೂನು ಮಾಡಿತು. ಹಾಗಾಗಿ ಅದೇ ನಕ್ಷತ್ರಕ್ಕೆ ನೀಲಿ ಬಣ್ಣ ಹಾಕಿದರೆ ಒಂದು ಮಾತು, ಹಳದಿ ಹಾಕಿದರೆ ಪೂರ್ತಿ ಬೇರೆ ಮಾತು. ಬಣ್ಣ ಎದ್ದು ಕಾಣಲಿ ಅಂತ ಹಳದಿ ಬಳಿಯುವ ವಿದ್ಯಾರ್ಥಿಗಳಿದ್ದಾರೆ. ದಯವಿಟ್ಟು ಬೇಡ. ಆ ಹಳದಿಯ ನೆನಪು ಯಾರ ಮನೆಯಲ್ಲಿದೆಯೋ ಅವರಿಗೆ ಅದು ಬರೀ ಬಣ್ಣ ಅಲ್ಲ.

ಆ ಕವಲು ದೀಪ, ಅಂದರೆ ಮೆನೋರಾ, ತುಂಬ ಹಳೆಯದು. ಜೆರುಸಲೇಮಿನ ದೇವಾಲಯದಲ್ಲಿದ್ದ ದೀಪಕ್ಕೆ ಏಳು ಕವಲು. ಕ್ರಿ.ಶ. 70ರಲ್ಲಿ ರೋಮನ್ನರು ಆ ದೇವಾಲಯವನ್ನು ಕೆಡವಿ ದೀಪವನ್ನು ಲೂಟಿ ಮಾಡಿದರು. ಅದನ್ನು ಹೊತ್ತು ಮೆರವಣಿಗೆ ಹೋಗುವ ದೃಶ್ಯ ರೋಮ್‌ನ ಟೈಟಸ್ ಕಮಾನಿನ ಮೇಲೆ ಇವತ್ತಿಗೂ ಇದೆ. 1949ರಲ್ಲಿ ಇಸ್ರೇಲಿನ ಲಾಂಛನ ಮಾಡಿದ ಶಮೀರ್ ಸಹೋದರರು ಆ ಕಮಾನಿನ ಮೇಲಿದ್ದ ದೀಪದ ಆಕಾರವನ್ನೇ ತಂದು ಎರಡು ಬದಿಗೆ ಆಲಿವ್ ಕೊಂಬೆ ಇಟ್ಟರು. ಸೋಲನ್ನು ಮೆರೆಸಲು ಕೆತ್ತಿದ ಚಿತ್ರವನ್ನು ಸೋತವರ ಮಕ್ಕಳು ವಾಪಸ್ ತಗೊಂಡರು ನೋಡಿ, ವಿನ್ಯಾಸ ಕಲಿಯುವ ಪ್ರತಿಯೊಬ್ಬರೂ ಇದನ್ನು ಒಮ್ಮೆ ನಿಂತು ಗಮನಿಸಬೇಕು. ಇನ್ನು ಹನುಕ್ಕಾ ಹಬ್ಬದ ದೀಪಕ್ಕೆ ಒಂಬತ್ತು ಕವಲು. ಎಂಟು ರಾತ್ರಿಗೆ ಎಂಟು, ಉಳಿದವನ್ನು ಹೊತ್ತಿಸುವುದಕ್ಕೆ ಒಂದು. ಹನುಕ್ಕಾ ಪೋಸ್ಟರ್‌ನಲ್ಲಿ ಏಳು ಕವಲು ಬಿಡಿಸಿದರೆ ಯಹೂದಿ ಮನೆಯ ಮಗು ಕೂಡ ತಕ್ಷಣ ಕಂಡುಹಿಡಿಯುತ್ತದೆ.

ಬೇರೇನಿದೆ ಅಂದಿರಲ್ಲ. ಬಾಗಿಲ ಚೌಕಟ್ಟಿಗೆ ಓರೆಯಾಗಿ ಬಡಿದ ಮೆಜೂಜಾ, ಅಂದರೆ ಧರ್ಮಗ್ರಂಥದ ಸಾಲು ಬರೆದ ಸುರುಳಿ ಇರುವ ಪುಟ್ಟ ಡಬ್ಬಿ. ಪ್ರಾರ್ಥನೆ ಶಾಲಿನ ಮೂಲೆಯಲ್ಲಿ ಗಂಟು ಹಾಕಿದ ದಾರ. ಶುಕ್ರವಾರ ಸೂರ್ಯ ಮುಳುಗುವ ಮುಂಚೆ ಹಚ್ಚುವ ಎರಡು ಮೇಣದಬತ್ತಿ, ಅವುಗಳ ಮುಂದೆ ಕಣ್ಣು ಮುಚ್ಚಿಕೊಂಡ ಎರಡು ಕೈ. ಜಡೆ ಹೆಣೆದಂತಹ ಖಾಲಾ ರೊಟ್ಟಿ. ದಾಳಿಂಬೆ. ಊದುವ ಟಗರಿನ ಕೊಂಬು, ಶೋಫಾರ್. ಯಹೂದಿ ವಿದ್ಯಾರ್ಥಿಯೇ ಮಾಡುವುದಾದರೆ ತನ್ನ ಮನೆಯಲ್ಲಿ ನಿಜವಾಗಿ ಇರುವ ಒಂದು ವಸ್ತುವಿನಿಂದ ಶುರು ಮಾಡಲಿ. ಅಜ್ಜಿಯ ಪ್ರಾರ್ಥನೆ ಪುಸ್ತಕದ ಹರಿದ ಅಂಚು ಸಾಕು. ಎಲ್ಲರಿಗೂ ಗೊತ್ತಿರುವ ಚಿಹ್ನೆ ಹಾಕಿದಾಗ ನೋಡುವವರು ಗುರುತು ಹಿಡಿದು ಮುಂದೆ ಹೋಗಿಬಿಡುತ್ತಾರೆ. ಒಬ್ಬರ ಮನೆಯ ವಸ್ತು ಕಂಡರೆ ನಿಲ್ಲುತ್ತಾರೆ.

ಹೀಬ್ರೂ ಅಕ್ಷರ ಹಾಕಿದರೆ ಚೆಂದ ಕಾಣುತ್ತದೆ. ಭಾಷೆ ಗೊತ್ತಿಲ್ಲದಿದ್ದರೂ ಹಾಕಬಹುದಾ?
- ಇನ್ನೊಬ್ಬ ವಿದ್ಯಾರ್ಥಿ

ಹಾಕಿ, ಆದರೆ ಹೀಬ್ರೂ ಓದಲು ಬರುವವರೊಬ್ಬರಿಗೆ ತೋರಿಸದೆ ಅಚ್ಚಿಗೆ ಕೊಡಬೇಡಿ. ಹೀಬ್ರೂ ಬಲದಿಂದ ಎಡಕ್ಕೆ ಹೋಗುತ್ತದೆ. ಕೆಲವು ವಿನ್ಯಾಸ ಸಾಫ್ಟ್‌ವೇರ್‌ಗಳಲ್ಲಿ ಬೇರೆ ಕಡೆಯಿಂದ ತಂದು ಅಂಟಿಸಿದಾಗ ಇಡೀ ಸಾಲು ತಿರುಗಿ ನಿಲ್ಲುತ್ತದೆ. ಇರುವುದು 22 ಅಕ್ಷರ, ಅದರಲ್ಲಿ ಐದಕ್ಕೆ ಪದದ ಕೊನೆಯಲ್ಲಿ ಬಂದಾಗ ರೂಪ ಬೇರೆ. ಹೀಗೆ ತಿರುಗಿದ ಸಾಲಿನಲ್ಲಿ ಕೊನೆಯ ರೂಪ ಮೊದಲಿಗೆ ಬಂದು ಕೂತಿರುತ್ತದೆ.

ದಾಲೆತ್, ರೇಶ್ ಅನ್ನುವ ಎರಡು ಅಕ್ಷರಗಳಿವೆ. ನಮ್ಮ ದ ಮತ್ತು ಧ ಹಾಗೆ, ಒಂದು ಸಣ್ಣ ಚಾಚಿನ ವ್ಯತ್ಯಾಸ ಅಷ್ಟೇ. ಯಹೂದಿಗಳು ದಿನಕ್ಕೆರಡು ಸಲ ಹೇಳುವ ಶೆಮಾ ಪ್ರಾರ್ಥನೆಯ ಮೊದಲ ಸಾಲು ದೇವರು ಒಬ್ಬನೇ ಎಂದು ಸಾರುತ್ತದೆ. ಆ ಸಾಲಿನ ಕೊನೆಯ ಪದ ‘ಒಬ್ಬ’ ಅನ್ನುವುದು, ಅದು ಮುಗಿಯುವುದು ದಾಲೆತ್‌ನಿಂದ. ಆ ದಾಲೆತ್ ರೇಶ್ ಆಗಿಬಿಟ್ಟರೆ ಅರ್ಥ ‘ಬೇರೊಬ್ಬ’ ಅಂತಾಗುತ್ತದೆ. ಅದಕ್ಕೇ ಏನೋ, ಯಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದ ಸುರುಳಿಯಲ್ಲಿ ಲಿಪಿಕಾರರು ಆ ದಾಲೆತ್ ಅನ್ನು ಬೇಕೆಂದೇ ದೊಡ್ಡದಾಗಿ ಬರೆಯುತ್ತಾರೆ. ಅವರೇ ಇಷ್ಟು ಎಚ್ಚರ ವಹಿಸುವಾಗ ನಾವು ಫಾಂಟ್ ನಂಬಿ ಕೂರಬಾರದು.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ದೇವರ ನಾಲ್ಕಕ್ಷರದ ಹೆಸರನ್ನು ಪೋಸ್ಟರ್ ಮೇಲೆ ಬರೆಯಬೇಡಿ. ಬರೆದ ಆ ಹೆಸರನ್ನು ಅಳಿಸಬಾರದು, ಎಸೆಯಬಾರದು ಅನ್ನುವ ನಿಯಮ ಇದೆ. ಪೋಸ್ಟರ್ ಅಂದ ಮೇಲೆ ಮಳೆಗೆ ನೆನೆಯುತ್ತದೆ, ಹರಿಯುತ್ತದೆ, ಕಸಕ್ಕೆ ಹೋಗುತ್ತದೆ. ಅದಕ್ಕಾಗಿಯೇ ನಂಬಿಕೆಯುಳ್ಳವರು ಆ ಹೆಸರಿನ ಬದಲು ‘ಹಷೇಮ್’, ಅಂದರೆ ‘ಆ ಹೆಸರು’, ಅನ್ನುತ್ತಾರೆ, ಬರೆಯುವಾಗಲೂ ಸುತ್ತು ದಾರಿ ಹಿಡಿಯುತ್ತಾರೆ.

ನನ್ನ ಮಗಳು ಅಮೆರಿಕದಲ್ಲಿ ಓದುತ್ತಿದ್ದಾಳೆ. ಅವಳ ರೂಮ್‌ಮೇಟ್ ಯಹೂದಿ ಹುಡುಗಿ, ಹನುಕ್ಕಾಕ್ಕೆ ತಾನೇ ಒಂದು ಪೋಸ್ಟರ್ ಮಾಡಿದ್ದಾಳೆ, ತುಂಬ ಚೆನ್ನಾಗಿದೆಯಂತೆ. ಆದರೆ ಹಾಸ್ಟೆಲ್ ಬಾಗಿಲಿಗೆ ಅಂಟಿಸಲು ಹೆದರುತ್ತಿದ್ದಾಳೆ. ಧೈರ್ಯ ಹೇಳಬೇಕಾ, ಸುಮ್ಮನಿರಬೇಕಾ ಅಂತ ಮಗಳು ಕೇಳುತ್ತಾಳೆ. ನಾವು ಯಹೂದಿಗಳಲ್ಲ, ನಮಗೆ ಇದರಲ್ಲಿ ಮಾತಾಡುವ ಹಕ್ಕಿದೆಯಾ?
- ಒಬ್ಬ ತಾಯಿ

ಅಮ್ಮಾ, ಬಂದ ಪತ್ರಗಳಲ್ಲಿ ನಿಮ್ಮದನ್ನು ಎರಡೆರಡು ಸಲ ಓದಿದೆ.

ಹನುಕ್ಕಾ ದೀಪದ ಉದ್ದೇಶವೇ ಹೊರಗಿನವರಿಗೆ ಕಾಣಿಸುವುದು. ಒಂದು ದಿನದ ಎಣ್ಣೆಯಲ್ಲಿ ದೇವಾಲಯದ ದೀಪ ಎಂಟು ದಿನ ಉರಿದ ಪವಾಡವನ್ನು ನಾಲ್ಕು ಜನಕ್ಕೆ ಸಾರಬೇಕು ಅನ್ನುವುದು ಆ ಹಬ್ಬದ ನಿಯಮ. ತಾಲ್ಮುದ್ ಹೇಳುವುದು ಹೀಗೆ: ದೀಪವನ್ನು ಮನೆ ಬಾಗಿಲ ಹೊರಗೆ ಇಡು. ಮೇಲಿನ ಅಂತಸ್ತಿನಲ್ಲಿದ್ದರೆ ಬೀದಿಗೆ ಕಾಣುವ ಕಿಟಕಿಯಲ್ಲಿಡು. ಅಪಾಯದ ಕಾಲವಾದರೆ ಒಳಗೆ ಮೇಜಿನ ಮೇಲೆ ಇಡು, ಅಷ್ಟು ಸಾಕು. ಕೊನೆಯ ಮಾತನ್ನು ಗಮನಿಸಿ. ಸಾರಬೇಕು ಅಂತ ಹೇಳಿದ ಅದೇ ಜಾಗದಲ್ಲಿ, ಹೆದರಿಕೆ ಇದ್ದರೆ ಒಳಗಿಟ್ಟುಕೋ, ನಿನ್ನ ಹಬ್ಬಕ್ಕೆ ಏನೂ ಕಮ್ಮಿಯಾಗುವುದಿಲ್ಲ ಅಂತಲೂ ಹೇಳಿದ್ದಾರೆ. ಹಾಗಾಗಿ ಆ ಹುಡುಗಿ ಪೋಸ್ಟರನ್ನು ರೂಮಿನೊಳಗೆ ಅಂಟಿಸಿಕೊಂಡರೆ ಅದು ಹೇಡಿತನ ಅಲ್ಲ. ‘ಧೈರ್ಯ ಮಾಡು’ ಅಂತ ಹೇಳುವುದು ಹೊರಗಿನವರಿಗೆ ಸುಲಭ. ಬಾಗಿಲಿಗೆ ಯಾರಾದರೂ ಏನಾದರೂ ಗೀಚಿದರೆ ಅದನ್ನು ನೋಡಬೇಕಾದವಳು ಅವಳು.

ನಿಮ್ಮ ಮಗಳು ಮಾಡಬಹುದಾದದ್ದು ಬೇರೆ ಇದೆ. ಅದಕ್ಕೆ ಒಂದು ನಿಜವಾದ ಘಟನೆ ಹೇಳುತ್ತೇನೆ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಬಿಲ್ಲಿಂಗ್ಸ್ ಅನ್ನುವ ಊರು. 1993ರ ಡಿಸೆಂಬರ್. ಅಲ್ಲಿನ ಯಹೂದಿ ಕುಟುಂಬಗಳು ತೀರ ಕಮ್ಮಿ. ಐದು ವರ್ಷದ ಒಬ್ಬ ಹುಡುಗ ತನ್ನ ಕೋಣೆಯ ಕಿಟಕಿಯಲ್ಲಿ ಮೆನೋರಾ ಇಟ್ಟಿದ್ದ. ರಾತ್ರಿ ಯಾರೋ ಆ ಕಿಟಕಿಗೆ ಸಿಮೆಂಟ್ ಇಟ್ಟಿಗೆ ಎಸೆದರು. ಪುಣ್ಯಕ್ಕೆ ಹುಡುಗ ಆಗ ಕೋಣೆಯಲ್ಲಿರಲಿಲ್ಲ. ಅದನ್ನು ಕೇಳಿದ ಊರಿನ ಕ್ರೈಸ್ತ ಮಕ್ಕಳು ಚರ್ಚಿನ ಭಾನುವಾರದ ತರಗತಿಯಲ್ಲಿ ಕಾಗದದ ಮೆನೋರಾ ಮಾಡಿ ತಮ್ಮ ತಮ್ಮ ಮನೆ ಕಿಟಕಿಗೆ ಅಂಟಿಸಿದರು. ಸ್ಥಳೀಯ ಪತ್ರಿಕೆ ಬಿಲ್ಲಿಂಗ್ಸ್ ಗೆಜೆಟ್ ಒಂದು ಪೂರ್ತಿ ಪುಟದಲ್ಲಿ ಮೆನೋರಾ ಚಿತ್ರ ಅಚ್ಚು ಹಾಕಿ, ಇದನ್ನು ಕತ್ತರಿಸಿ ಕಿಟಕಿಗೆ ಹಾಕಿ ಅಂತ ಕೇಳಿತು. ಹಾಗೆ ಹಾಕಿದ ಕೆಲವು ಕಿಟಕಿಗಳಿಗೂ ಕಲ್ಲು ಬಿತ್ತು. ಅಂಟಿಸುವವರು ನಿಲ್ಲಲಿಲ್ಲ. ಕೊನೆಗೆ ಹತ್ತಿರ ಹತ್ತಿರ 10,000 ಮನೆಗಳ ಕಿಟಕಿಯಲ್ಲಿ ಆ ಕಾಗದದ ದೀಪ ಇತ್ತು. ಯಾವುದು ಯಹೂದಿ ಮನೆ ಅಂತ ಗುರುತು ಹಿಡಿಯುವುದೇ ಕಷ್ಟವಾಯಿತು.

ಇದಕ್ಕಿಂತ ಒಳ್ಳೆಯ ಪೋಸ್ಟರ್ ಅಭಿಯಾನ ನನಗೆ ಗೊತ್ತಿಲ್ಲ. ದೊಡ್ಡ ಕಲಾವಿದರು ಯಾರೂ ಇರಲಿಲ್ಲ, ಪತ್ರಿಕೆಯ ಕಾಗದ, ಕತ್ತರಿ, ಅಂಟು ಅಷ್ಟೇ. ಹಕ್ಕಿನ ಬಗ್ಗೆ ಕೇಳಿದಿರಿ. ಆ ಊರಿನವರು ‘ನಾವೂ ಯಹೂದಿಗಳು’ ಅಂತ ಹೇಳಿಕೊಳ್ಳಲಿಲ್ಲ, ಯಹೂದಿಗಳಿಗೆ ಏನು ಮಾಡಬೇಕು ಅಂತ ಬುದ್ಧಿಯೂ ಹೇಳಲಿಲ್ಲ. ಏಟು ಬೀಳುವುದಿದ್ದರೆ ನಮ್ಮ ಕಿಟಕಿಗೂ ಬೀಳಲಿ ಅಂದರು. ನಿಮ್ಮ ಮಗಳು ರೂಮ್‌ಮೇಟನ್ನು ಒಂದು ಮಾತು ಕೇಳಲಿ: ನಿನ್ನದು ಒಳಗೇ ಇರಲಿ, ನಾನು ಮತ್ತು ಪಕ್ಕದ ರೂಮಿನವರು ನಮ್ಮ ಬಾಗಿಲಿಗೆ ಹಾಕಿಕೊಳ್ಳೋಣವಾ? ಅವಳು ಬೇಡ ಅಂದರೆ ಬೇಡ. ಹೂಂ ಅಂದರೆ ಚಿತ್ರ ಅವಳದ್ದೇ ಇರಲಿ, ಬಾಗಿಲು ನಿಮ್ಮ ಮಗಳದ್ದಾಗಲಿ.

ಹಾಲೊಕಾಸ್ಟ್ ಸ್ಮರಣೆಗೆ ಪೋಸ್ಟರ್ ಮಾಡಲು ಹೇಳಿದ್ದಾರೆ. ಹೆಣದ ರಾಶಿ, ಮುಳ್ಳುತಂತಿ, ಸ್ವಸ್ತಿಕ ಹಾಕಿದರೆ ಪರಿಣಾಮ ಜಾಸ್ತಿ ಅಂತ ನನ್ನ ಗುಂಪಿನವರು ಹೇಳುತ್ತಾರೆ.
- ಕಾಲೇಜು ವಿದ್ಯಾರ್ಥಿ

ಜನವರಿ 27ಕ್ಕೆ ಇರಬೇಕು ಅಲ್ವಾ? 1945ರಲ್ಲಿ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿ ಕೊಲ್ಲುತ್ತಿದ್ದ ಆಶ್‌ವಿಟ್ಜ್ ಶಿಬಿರ ಬಿಡುಗಡೆಯಾದ ದಿನ ಅದು. ವಿಶ್ವಸಂಸ್ಥೆ 2005ರಲ್ಲಿ ಅದನ್ನು ಸ್ಮರಣೆಯ ದಿನವಾಗಿ ಗುರುತಿಸಿತು.

ನಿಮ್ಮ ಗುಂಪಿನವರ ಮಾತು ನನಗೆ ಒಪ್ಪಿಗೆ ಇಲ್ಲ. ಹೆಣಗಳ ಫೋಟೋ ನೋಡುವವರನ್ನು ಬೆಚ್ಚಿಬೀಳಿಸುತ್ತದೆ, ಆಮೇಲೆ ಅವರು ಕಣ್ಣು ತಿರುಗಿಸುತ್ತಾರೆ. ಸತ್ತವರಿಗೂ ಮರ್ಯಾದೆ ಇದೆ. ಆ ದೇಹಗಳು ಯಾರದೋ ಅಪ್ಪ ಅಮ್ಮಂದಿರದು. ಸ್ವಸ್ತಿಕ ನಮಗೆ ಶುಭ ಚಿಹ್ನೆ ಇರಬಹುದು, ಆದರೆ ಈ ಪೋಸ್ಟರ್ ಮೇಲೆ ಅದು ಕೊಂದವರ ಗುರುತು. ಅದನ್ನು ದೊಡ್ಡದಾಗಿ ಹಾಕಿದರೆ ಪೋಸ್ಟರ್ ಅವರದ್ದಾಗಿಬಿಡುತ್ತದೆ.

ಬೆನ್ ಷಾನ್ ಏನು ಮಾಡಿದರು ನೋಡಿ. ಲಿಥುವೇನಿಯಾದ ಯಹೂದಿ ಮನೆಯಲ್ಲಿ 1898ರಲ್ಲಿ ಹುಟ್ಟಿ, ಎಂಟರ ವಯಸ್ಸಿಗೆ ಅಮೆರಿಕಕ್ಕೆ ಬಂದು, ಕಲ್ಲಚ್ಚಿನ ಅಂಗಡಿಯಲ್ಲಿ ಅಕ್ಷರ ಬರೆಯುತ್ತಾ ಬೆಳೆದವರು. 1942ರಲ್ಲಿ ನಾಜಿಗಳು ಚೆಕ್ ದೇಶದ ಲಿಡಿತ್ಸೆ ಅನ್ನುವ ಹಳ್ಳಿಯ ಗಂಡಸರನ್ನು ಗುಂಡಿಟ್ಟು ಕೊಂದು ಊರನ್ನೇ ಅಳಿಸಿಹಾಕಿದರು. ಅದರ ಬಗ್ಗೆ ಷಾನ್ ಮಾಡಿದ ಪೋಸ್ಟರ್‌ನಲ್ಲಿ ರಕ್ತ ಇಲ್ಲ, ಕೊಂದವರೂ ಇಲ್ಲ. ಇಟ್ಟಿಗೆ ಗೋಡೆ ಮುಂದೆ ತಲೆಗೆ ಮುಸುಕು ಹಾಕಿದ ಒಬ್ಬ ಮನುಷ್ಯ, ಕೈಗೆ ಸಂಕೋಲೆ, ಮುಷ್ಟಿ ಬಿಗಿದಿದೆ. ಜೊತೆಗೆ ತಂತಿ ಸುದ್ದಿಯ ಹಾಗೆ ಅಚ್ಚಾದ ಸಾಲುಗಳು, ಬರ್ಲಿನ್ ರೇಡಿಯೋ ತಾನೇ ಹೆಮ್ಮೆಯಿಂದ ಕೊಟ್ಟ ಪ್ರಕಟಣೆಯ ಮಾತು. ಮುಖ ಕಾಣದಿರುವುದರಿಂದ ಅವನು ಯಾರು ಬೇಕಾದರೂ ಆಗಬಹುದು. ನೀವೂ ಒಬ್ಬ ಮನುಷ್ಯನನ್ನು, ಒಂದು ಊರನ್ನು, ಒಂದು ದಾಖಲೆಯನ್ನು ಹಿಡಿದುಕೊಳ್ಳಿ. ನಾಜಿಗಳು ಕೊಂದ ಯಹೂದಿಗಳು ಅರವತ್ತು ಲಕ್ಷ ಅನ್ನುವ ಸಂಖ್ಯೆಯನ್ನು ಒಂದು ಹಾಳೆಯ ಮೇಲೆ ಬಿಡಿಸಲು ಯಾರಿಗೂ ಆಗುವುದಿಲ್ಲ.

ಈಗಿನ ಪರಿಸ್ಥಿತಿಯಲ್ಲಿ ಯಹೂದಿ ಪೋಸ್ಟರ್ ಅಂದರೆ ಇಸ್ರೇಲ್ ಪರ ಅಂತಲೇ ಅರ್ಥ ಅಲ್ವಾ? ಗಾಜಾದ ಮಕ್ಕಳ ಬಗ್ಗೆ ಯಾರು ಪೋಸ್ಟರ್ ಮಾಡುತ್ತಾರೆ?
- ಓದುಗರೊಬ್ಬರು

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಮೊದಲ ವಾಕ್ಯ ಸರಿಯಿಲ್ಲ. ಯಹೂದಿ ಅನ್ನುವುದು ಒಂದು ಧರ್ಮ, ಒಂದು ಜನ, ಒಂದು ಮನೆತನದ ನೆನಪು. ಒಂದು ಸರ್ಕಾರದ ನೀತಿ ಅಲ್ಲ. ಇಸ್ರೇಲ್ ತಮ್ಮ ಗುರುತಿನ ಒಂದು ಭಾಗ ಅಂತ ಮನಸಾರೆ ಹೇಳುವ ಯಹೂದಿ ವಿದ್ಯಾರ್ಥಿಗಳು ತುಂಬ ಜನ ಇದ್ದಾರೆ. ಅದೇ ಧರ್ಮದ ಹೆಸರಿನಲ್ಲೇ ಯುದ್ಧ ನಿಲ್ಲಿಸಿ ಅಂತ ಬೀದಿಗಿಳಿದ ಯಹೂದಿ ವಿದ್ಯಾರ್ಥಿಗಳೂ ಇದ್ದಾರೆ. ಶುಕ್ರವಾರದ ದೀಪ ಬಿಡಿಸಿದ ಹುಡುಗಿಯನ್ನು ನಿಲ್ಲಿಸಿ ‘ಗಾಜಾ ಬಗ್ಗೆ ಏನು ಹೇಳುತ್ತೀಯ?’ ಅಂತ ಲೆಕ್ಕ ಕೇಳುವುದು ಅನ್ಯಾಯ.

2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, 251 ಜನರನ್ನು ಒತ್ತೆಯಾಳಾಗಿ ಎಳೆದೊಯ್ದರು. ಆಗ ನ್ಯೂಯಾರ್ಕ್‌ನಲ್ಲಿದ್ದ ನಿತ್ಸಾನ್ ಮಿಂಟ್ಸ್ ಮತ್ತು ಡೆಡೆ ಬ್ಯಾಂಡೇಡ್ ಅನ್ನುವ ಇಸ್ರೇಲಿ ಬೀದಿ ಕಲಾವಿದರು ಒಂದು ಪೋಸ್ಟರ್ ಸರಣಿ ಮಾಡಿದರು. ಮೇಲೆ ಕೆಂಪು ಪಟ್ಟಿಯಲ್ಲಿ ‘ಅಪಹರಿಸಲಾಗಿದೆ’ ಅನ್ನುವ ಒಂದೇ ಪದ, ಕೆಳಗೆ ಒಬ್ಬರ ಫೋಟೋ, ಹೆಸರು, ವಯಸ್ಸು. ಯಾರು ಬೇಕಾದರೂ ಇಳಿಸಿಕೊಂಡು ಅಚ್ಚು ಹಾಕಬಹುದಿತ್ತು, ಕೆಲವೇ ದಿನಗಳಲ್ಲಿ ಎಷ್ಟೋ ದೇಶಗಳ ಗೋಡೆಗಳ ಮೇಲೆ ಬಂದವು. ಅಷ್ಟೇ ಬೇಗ ಅವುಗಳನ್ನು ಹರಿದುಹಾಕುವವರೂ ಬಂದರು. ಮಗುವಿನ ಫೋಟೋ ಇರುವ ಹಾಳೆಯನ್ನು ಉಗುರಿನಿಂದ ಕೆರೆದು ತೆಗೆಯುವುದು ಯಾವ ರಾಜಕೀಯದ ಹೆಸರಲ್ಲೂ ನನಗೆ ಸರಿ ಕಾಣುವುದಿಲ್ಲ.

ಆಮೇಲೆ ನಡೆದ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಪ್ಯಾಲೆಸ್ಟೀನಿಯರು ಸತ್ತರು, ಅವರಲ್ಲಿ ಸಾವಿರಾರು ಮಕ್ಕಳು. ಅವರ ಹೆಸರು, ವಯಸ್ಸು ಹೇಳುವ ಪೋಸ್ಟರ್‌ಗಳನ್ನೂ ವಿದ್ಯಾರ್ಥಿಗಳು ಮಾಡಿದ್ದಾರೆ, ಮಾಡಬೇಕು, ಅವುಗಳನ್ನೂ ಯಾರೂ ಹರಿಯಬಾರದು. ಒಂದು ಮನೆಯ ದುಃಖ ಹೇಳಿಕೊಂಡರೆ ಇನ್ನೊಂದು ಮನೆಯ ದುಃಖ ಕಮ್ಮಿಯಾಗುವುದಿಲ್ಲ. ‘ಪರದೇಶಿಯನ್ನು ಪೀಡಿಸಬೇಡ, ಈಜಿಪ್ಟಿನಲ್ಲಿ ನೀನೂ ಪರದೇಶಿಯಾಗಿದ್ದೆ, ಅವನ ಸಂಕಟ ನಿನಗೆ ಗೊತ್ತು’ ಅನ್ನುವ ಅರ್ಥದ ಮಾತು ತೋರಾದಲ್ಲೇ ಇದೆ. 1965ರಲ್ಲಿ ಯಹೂದಿ ಧರ್ಮಗುರು ರಬ್ಬಿ ಅಬ್ರಹಾಂ ಜೋಶುವಾ ಹೆಶೆಲ್, ಅಮೆರಿಕದ ಕರಿಯರ ಮತದಾನದ ಹಕ್ಕಿಗಾಗಿ ಸೆಲ್ಮಾದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೊತೆ ಮೊದಲ ಸಾಲಿನಲ್ಲಿ ನಡೆದಾಗ ಅವರ ಹಿಂದೆ ಇದ್ದದ್ದು ಇಂಥ ಮಾತುಗಳೇ.

ಪೋಸ್ಟರ್ ಅಂಟಿಸಿದರೆ ಏನಾದರೂ ಬದಲಾಗುತ್ತದಾ? ಸುಮ್ನೆ ಕಾಗದ ದಂಡ ಅನ್ನಿಸುತ್ತದೆ.
- ಓದುಗ

ಒಂದು ಪೋಸ್ಟರ್‌ನಿಂದ ಇಲ್ಲ. 1964ರಲ್ಲಿ ಜೇಕಬ್ ಬಿರ್ನ್‌ಬಾಮ್ ಕರೆದ ಸಭೆಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದಷ್ಟು ವಿದ್ಯಾರ್ಥಿಗಳು ಸೇರಿದರು. ಸೋವಿಯತ್ ಒಕ್ಕೂಟದ ಯಹೂದಿಗಳಿಗೆ ಹೀಬ್ರೂ ಕಲಿಯಲೂ ಬಿಡುತ್ತಿರಲಿಲ್ಲ, ದೇಶ ಬಿಟ್ಟು ಹೋಗಲೂ ಬಿಡುತ್ತಿರಲಿಲ್ಲ. ಮೇ 1ರಂದು ನ್ಯೂಯಾರ್ಕ್‌ನ ಸೋವಿಯತ್ ಕಚೇರಿ ಮುಂದೆ ಸುಮಾರು ಸಾವಿರ ಜನ ಫಲಕ ಹಿಡಿದು ನಿಂತರು. ಮುಂದೆ ಆ ಚಳವಳಿಯ ಪೋಸ್ಟರ್‌ಗಳ ಮೇಲೆ ಮತ್ತೆ ಮತ್ತೆ ಬಂದದ್ದು ಮೋಶೆ ಈಜಿಪ್ಟಿನ ಅರಸ ಫರೋಹನಿಗೆ ಹೇಳಿದ ಮಾತು: ನನ್ನ ಜನರನ್ನು ಕಳುಹಿಸು. ಎಲ್ಲ ಯಹೂದಿಗಳೂ ಒಬ್ಬರಿಗೊಬ್ಬರು ಹೊಣೆ ಅನ್ನುವ ತಾಲ್ಮುದ್ ಮಾತನ್ನು ಆ ಹುಡುಗರು ಅಕ್ಷರಶಃ ನಂಬಿದ್ದರು. 1987ರ ಡಿಸೆಂಬರ್ 6ರಂದು, ಸೋವಿಯತ್ ನಾಯಕ ಗೋರ್ಬಚೇವ್ ವಾಷಿಂಗ್ಟನ್‌ಗೆ ಬರುವ ಹಿಂದಿನ ದಿನ, ಅದೇ ಬೇಡಿಕೆ ಇಟ್ಟುಕೊಂಡು ಅಲ್ಲಿ ಸೇರಿದವರು ಸುಮಾರು ಎರಡೂವರೆ ಲಕ್ಷ. ಆಮೇಲಿನ ವರ್ಷಗಳಲ್ಲಿ ಬಾಗಿಲು ತೆರೆಯಿತು, ಲಕ್ಷಗಟ್ಟಲೆ ಜನ ಹೊರಬಂದರು. ಪೋಸ್ಟರೇ ಬಾಗಿಲು ತೆರೆಯಿತು ಅನ್ನುವುದಿಲ್ಲ. ಆದರೆ ಇಪ್ಪತ್ತು ಮೂವತ್ತು ವರ್ಷ ಆ ವಿಷಯ ಮರೆತುಹೋಗದ ಹಾಗೆ ನೋಡಿಕೊಂಡಿದ್ದರಲ್ಲಿ ಆ ಕಾಗದದ ಪಾಲೂ ಇದೆ.

ಯಹೂದಿ ಅಂದರೆ ಹೇಗೆ ಬಿಡಿಸಬೇಕು? ಕಪ್ಪು ಟೋಪಿ, ಗಡ್ಡ?
- ಶಾಲಾ ವಿದ್ಯಾರ್ಥಿ

ಅದು ಒಂದು ಗುಂಪಿನವರ ಉಡುಗೆ ಮಾತ್ರ. ಇಥಿಯೋಪಿಯಾದ ಯಹೂದಿಗಳಿದ್ದಾರೆ, ಯೆಮೆನ್‌ನವರಿದ್ದಾರೆ, ಇರಾಕಿನವರಿದ್ದಾರೆ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಸಮುದಾಯದ ಮನೆಗಳಲ್ಲಿ ಪ್ರವಾದಿ ಎಲೀಯ ರಥದಲ್ಲಿ ಆಕಾಶಕ್ಕೆ ಏರುವ ಬಣ್ಣದ ಪಟ ಗೋಡೆ ಮೇಲೆ ಇರುತ್ತದೆ. ಆ ಸಮುದಾಯದಲ್ಲಿ ಹುಟ್ಟಿ ಈಗ ಅಮೆರಿಕದಲ್ಲಿರುವ ಸಿಯೋನಾ ಬೆಂಜಮಿನ್ ಅನ್ನುವ ಕಲಾವಿದೆ ಬೈಬಲಿನ ಹೆಂಗಸರಿಗೆ ನೀಲಿ ಮೈಬಣ್ಣ ಕೊಟ್ಟು ಬಿಡಿಸುತ್ತಾರೆ. ಉದ್ದ ಮೂಗು, ಹಣದ ಚೀಲ, ಇಂಥವನ್ನು ಮಾತ್ರ ಯಾವತ್ತೂ ಬಿಡಿಸಬೇಡಪ್ಪಾ. ಅದು ಯಹೂದಿಗಳನ್ನು ದ್ವೇಷಿಸಿದವರು ತಮ್ಮ ಪೋಸ್ಟರ್‌ಗಳಿಗಾಗಿ ಕಟ್ಟಿದ ಮುಖ.

ನಮ್ಮ ಶಾಲೆಯಲ್ಲಿ ಪ್ರದರ್ಶನ ಮುಗಿದಿದೆ. ಪೋಸ್ಟರ್‌ಗಳನ್ನು ಏನು ಮಾಡಲಿ?
- ಕಲಾ ಶಿಕ್ಷಕಿ

ಮೇಡಂ, ರದ್ದಿಗೆ ಹಾಕಬೇಡಿ. ಯಾವುದರಲ್ಲಾದರೂ ದೇವರ ಹೆಸರು ಹೀಬ್ರೂನಲ್ಲಿ ಬಂದಿದ್ದರೆ ಅದನ್ನು ಬೇರೆ ಎತ್ತಿಟ್ಟು ಸಿನಗಾಗ್ ಒಂದಕ್ಕೆ ತಲುಪಿಸಿ. ಅಂಥ ಕಾಗದಗಳನ್ನು ಅವರು ಕೂಡಿಟ್ಟು ಆಮೇಲೆ ಹೂಳುತ್ತಾರೆ. ಕೈರೋದ ಬೆನ್ ಎಜ್ರಾ ಸಿನಗಾಗಿನಲ್ಲಿ ಹೀಗೆ ಶತಮಾನಗಳ ಕಾಲ ಹೂಳದೆ ಉಳಿದ ಕಾಗದದ ರಾಶಿಯಿಂದಲೇ ಮಧ್ಯಯುಗದ ಯಹೂದಿ ಬದುಕು ನಮಗೆ ಇಷ್ಟು ತಿಳಿದಿರುವುದು. ಕೇಂಬ್ರಿಜ್ ಒಂದರಲ್ಲೇ ಅದರ 1,93,000ದಷ್ಟು ಚೂರುಗಳಿವೆ.

ಉಳಿದವನ್ನು ಶಾಲೆಯಲ್ಲೇ ಇಡಿ. ಫ್ರೀಡ್ಲ್ ಡಿಕರ್ ಬ್ರಾಂಡೈಸ್ ಅನ್ನುವ ಶಿಕ್ಷಕಿಯ ಬಗ್ಗೆ ನಿಮಗೆ ಗೊತ್ತಿರಬಹುದು. ಜರ್ಮನಿಯ ಹೆಸರಾಂತ ಕಲಾಶಾಲೆ ಬೌಹೌಸ್‌ನಲ್ಲಿ ಕಲಿತವರು. ನಾಜಿಗಳ ಟೆರೆಜಿನ್ ಶಿಬಿರದಲ್ಲಿ ಕೂಡಿಹಾಕಿದ್ದ ಮಕ್ಕಳಿಗೆ ಸಿಕ್ಕ ಚೂರುಪಾರು ಕಾಗದದ ಮೇಲೆ ಚಿತ್ರ ಹೇಳಿಕೊಟ್ಟರು. ಮಕ್ಕಳಿಗೆ ಶಿಬಿರದ ನಂಬರ್ ಅಲ್ಲ, ತಮ್ಮ ಹೆಸರು ಬರೆಯಿರಿ ಅಂತ ಹೇಳುತ್ತಿದ್ದರು. 1944ರ ಅಕ್ಟೋಬರ್‌ನಲ್ಲಿ ಅವರನ್ನು ಆಶ್‌ವಿಟ್ಜ್‌ಗೆ ಕಳುಹಿಸಿ ಕೊಂದರು. ಆ ಮಕ್ಕಳಲ್ಲೂ ಹೆಚ್ಚಿನವರು ಉಳಿಯಲಿಲ್ಲ. ಎರಡು ಸೂಟ್‌ಕೇಸಿನಲ್ಲಿ ಬಚ್ಚಿಟ್ಟ ಸುಮಾರು 4,500 ಚಿತ್ರಗಳು ಉಳಿದವು, ಈಗ ಪ್ರಾಗ್‌ನ ಯಹೂದಿ ಮ್ಯೂಸಿಯಂನಲ್ಲಿವೆ. ಯಾವ ಚಿತ್ರ ಯಾವ ಮಗುವಿನದು ಅಂತ ಇವತ್ತು ಹೇಳಲು ಆಗುವುದು ಆ ಹೆಸರುಗಳಿಂದ.

ನಿಮ್ಮ ಮಕ್ಕಳಿಂದಲೂ ಪ್ರತಿ ಹಾಳೆಯ ಹಿಂದೆ ಹೆಸರು, ತರಗತಿ, ಇಸವಿ ಬರೆಸಿ. ಇದನ್ನು ಯಾಕೆ ಮಾಡಿದೆ ಅಂತ ಎರಡು ಸಾಲೂ ಬರೆಸಿ. ಪೆನ್ಸಿಲ್‌ನಲ್ಲೇ ಬರೆಯಲಿ, ಶಾಯಿಯಾದರೆ ಮುಂದಿನ ಬದಿಗೆ ಇಳಿಯುತ್ತದೆ. ಪೋಸ್ಟರ್‌ಗಳನ್ನು ಮಡಚದೆ ಚಪ್ಪಟೆಯಾಗಿ ಇಡಿ, ನಡುವೆ ತೆಳ್ಳನೆ ಬಿಳಿ ಕಾಗದ ಹಾಕಿ.